ಎತ್ತರಿಸಿದ ಜೀಪು, ಗಿಡ್ಡವಾದ ಹೋಸು

ಅವನನ್ನು ಎಲ್ಲರೂ ನಿಧಾನಣ್ಣ ಎಂದೇ ಕರೆಯುತ್ತಿದ್ದರು. ಗುಡ್ಡದ ಮೇಲಿನ ಕಲ್ಲುಕ್ವಾರಿಗೆ ಜೀಪಿನಲ್ಲಿ ನೀರು, ಡೀಸೆಲ್, ಕೆಲಸದವರನ್ನು ಸಾಗಿಸುವುದು ಅವನ ಕಸುಬು. "ನಿನ್ನ ಜೀಪು ಹತ್ತಿದ್ರೆ ಮೇಲೆ ಮುಟ್ಟೋಷ್ಟರಲ್ಲಿ ಗಡ್ಡ ಬಂದಿರುತ್ತೆ ಕಣಣ್ಣ" ಎಂದು ಕೆಲಸದವರು ನಗುತ್ತಿದ್ದರು. ಅವನೂ ನಗುತ್ತಿದ್ದ, ವೇಗ ಮಾತ್ರ ಹೆಚ್ಚಿಸುತ್ತಿರಲಿಲ್ಲ.

ಲಾರಿಗಳ ಓಡಾಟಕ್ಕೆ ಗುಡ್ಡದ ದಾರಿ ಕಿತ್ತುಹೋಗಿ, ಜೀಪಿನ ಹೊಟ್ಟೆ ಕಲ್ಲಿಗೆ ಉಜ್ಜತೊಡಗಿತು. ನಿಧಾನಣ್ಣನ ಹೆಂಡತಿಯ ತಮ್ಮ ಅವರ ಮನೆಗೆ ಅಂಟಿಕೊಂಡಂತೆ ಗ್ಯಾರೇಜ್ ಇಟ್ಟಿದ್ದ. ಬೋಲ್ಟು ಎಂದು ಅವನ ಅಡ್ಡಹೆಸರು. ಕೈಯೂ ಚುರುಕು, ಬಾಯಿಯೂ ಚುರುಕು. ತೊದಲುವ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ಅವನು ಎತ್ತರದ ಸ್ಪ್ರಿಂಗ್ ಹಾಕಿ, ದೊಡ್ಡ ಟೈರು ಕೂರಿಸಿ, ಜೀಪನ್ನು ಮೇಲೆತ್ತಿಕೊಟ್ಟ.

ನಿಧಾನಣ್ಣ ಬಗ್ಗಿ ನೋಡಿದ. ಚಕ್ರಕ್ಕೆ ಬ್ರೇಕ್ ಎಣ್ಣೆ ಒಯ್ಯುವ ರಬ್ಬರ್ ಹೋಸು ಹಳೆಯದೇ ಇತ್ತು. ಸಡಿಲವಾಗಿ ಬಾಗಿರುತ್ತಿದ್ದದ್ದು ಈಗ ನೆಟ್ಟಗೆ ಎಳೆದುಕೊಂಡಿತ್ತು. ಟೈರಿಗೆ ತಾಗದಿರಲೆಂದು ಬೋಲ್ಟು ಅದನ್ನು ತಂತಿಯಿಂದ ಬಿಗಿದೂ ಬಿಟ್ಟಿದ್ದ.

"ಇದು ಗಿಡ್ಡ ಆಯ್ತಲ್ಲೋ."

"ಉದ್ದದ್ದು ತರಿಸ್ತಿದ್ದೀನಿ ಭಾವ. ಅಲ್ಲೀವರೆಗೆ ಎಟುಕುತ್ತಲ್ಲ, ಸಾಕು."

"ಗಾಡಿ ನಿಂತಾಗ ಎಟುಕುತ್ತೆ. ಚಕ್ರ ಗುಂಡಿಗೆ ಇಳಿದು ಜೋತಾಡಿದ್ರೆ?"

"ನಿಮ್ಮ ಸ್ಪೀಡಿಗೆ ಬ್ರೇಕೇ ಬೇಡ ಬಿಡಿ."

ಅಡುಗೆಮನೆಯ ಕಿಟಕಿಯಿಂದ ಅಕ್ಕ ಕಿಸಕ್ಕನೆ ನಕ್ಕಳು. ಮಾತು ಅಲ್ಲಿಗೇ ನಿಂತಿತು.

ಉದ್ದದ ಹೋಸು ಬರುವುದು ತಡವಾಯಿತು. ಒಂದು ದಿನ ಮುಂದಿನ ಚಕ್ರದ ಕಡೆಯಿಂದ ಕಿರ್ರೆನ್ನುವ ಸದ್ದು ಬರುತ್ತಿದೆ ಎಂದು ನಿಧಾನಣ್ಣ ಹೇಳಿದ. ತಾನೇ ಕೇಳಿ ನೋಡುತ್ತೇನೆಂದು ಬೋಲ್ಟು ಪಕ್ಕದ ಸೀಟು ಹತ್ತಿದ. ಗುಡ್ಡ ಹತ್ತುವಾಗ ತಿರುವಿನಲ್ಲಿ ಎಡಚಕ್ರ ಆಳದ ಗುಂಡಿಗಿಳಿದು, ಒಂದು ಕ್ಷಣ ಜೋತಾಡಿ ಮೇಲೆ ಬಂತು.

ಕ್ವಾರಿಯಲ್ಲಿ ನೀರಿನ ಡ್ರಮ್ಮುಗಳನ್ನು ಇಳಿಸುವಾಗ ಆ ಟೈರಿನ ಒಳಮೈ ಒದ್ದೆಯಾಗಿರುವುದು ನಿಧಾನಣ್ಣನ ಕಣ್ಣಿಗೆ ಬಿತ್ತು. ಬೆರಳಿಟ್ಟು ನೋಡಿದ. ನೀರಿಗಿಂತ ಜಾರು ಜಾರು. ಡ್ರಮ್ಮಿನಿಂದ ಚೆಲ್ಲಿದ ನೀರೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಬೋಲ್ಟು ಅಷ್ಟು ದೂರದಲ್ಲಿ ಯಾರೊಂದಿಗೋ ಹರಟುತ್ತಿದ್ದ. ಕರೆದಿದ್ದರೆ ಮತ್ತೆ ಗೇಲಿ ಮಾಡುತ್ತಿದ್ದ. ನಿಧಾನಣ್ಣ ಕರೆಯಲಿಲ್ಲ.

ಇಳಿಜಾರಿನಲ್ಲಿ ಬ್ರೇಕ್ ಪೆಡಲು ತಳಕ್ಕೆ ಹೋಯಿತು. ಹಳೆಯ ಗಾಡಿ, ನಾಲ್ಕೂ ಚಕ್ರಕ್ಕೆ ಎಣ್ಣೆ ಹೋಗುವ ದಾರಿ ಒಂದೇ. ಒಂದು ಕಡೆ ಹರಿದರೆ ಯಾವ ಚಕ್ರಕ್ಕೂ ಬ್ರೇಕಿಲ್ಲ. ಗೇರು ಇಳಿಸಿದ, ಹ್ಯಾಂಡ್‌ಬ್ರೇಕ್ ಎಳೆದ, ಜೀಪು ನಿಲ್ಲಲಿಲ್ಲ. "ದಿಣ್ಣೆಗೆ ಗುದ್ದಿ ಭಾವ, ದಿಣ್ಣೆಗೆ" ಎಂದ ಬೋಲ್ಟು, ಮೊದಲ ಸಲ ನಗೆಯಿಲ್ಲದ ದನಿಯಲ್ಲಿ. ಗುದ್ದಿದ ಜೀಪು ಎಡಕ್ಕೆ ಮಗುಚಿತು. ಎಡಗಡೆ ಕೂತಿದ್ದವನು ಅದರಡಿ ಸಿಕ್ಕಿಕೊಂಡ. ಕ್ವಾರಿಯವರು ಓಡಿಬಂದು ಜೀಪು ಎತ್ತುವಷ್ಟರಲ್ಲಿ ಬೋಲ್ಟುವಿನ ಉಸಿರು ನಿಂತಿತ್ತು. ನಿಧಾನಣ್ಣನ ಬಲಮೊಣಕಾಲು ನುಜ್ಜುಗುಜ್ಜಾಗಿತ್ತು.

ಆಸ್ಪತ್ರೆಯ ಮಂಚದ ಪಕ್ಕ ಹೆಂಡತಿ ಬಂದು ಕೂತಳು. ಆಮೇಲೆ ಕೇಳಿದಳು.

"ನಿಮಗೆ ಮೊದಲೇ ಗೊತ್ತಾಗಿತ್ತೇನ್ರೀ?"

ಇಲ್ಲ ಎನ್ನಬಹುದಿತ್ತು. ಟೈರಿಗೆ ಬೆರಳಿಟ್ಟದ್ದನ್ನು ನೋಡಿದವರು ಯಾರೂ ಇರಲಿಲ್ಲ.

"ಮೇಲೆ ಟೈರು ಒದ್ದೆಯಾಗಿತ್ತು. ಕೈಯಿಟ್ಟು ನೋಡ್ದೆ. ಎಣ್ಣೆ ಅಂತ ಗೊತ್ತಾಯ್ತು. ಆದ್ರೂ ಗಾಡಿ ಇಳಿಸ್ದೆ."

ಅವಳು ಅವನ ಕಾಲಿನ ಮೇಲಿನ ಹೊದಿಕೆ ಸರಿಮಾಡಿ ಎದ್ದು ಹೋದಳು. ಅಂದಿನಿಂದ ಊಟ ಬಡಿಸಿದಳು, ಔಷಧಿ ಕೊಟ್ಟಳು. ತಮ್ಮನ ಹೆಸರನ್ನು ಮಾತ್ರ ಅವನೆದುರು ಎತ್ತಲಿಲ್ಲ.

ಕಾಲು ಮಡಿಸಲಾಗದವನು ಮತ್ತೆ ಜೀಪು ಓಡಿಸಲಿಲ್ಲ. ಬೀಗ ಬಿದ್ದಿದ್ದ ಗ್ಯಾರೇಜನ್ನು ತೆರೆದು ಕೂತ. ಎತ್ತರಿಸಿದ ಗಾಡಿ ಬಂದರೆ, ಅದು ಯಾವ ಕೆಲಸಕ್ಕೇ ಬಂದಿರಲಿ, ಮೊದಲು ಜಾಕು ಕೊಟ್ಟು ಚಕ್ರ ಪೂರ್ತಿ ಜೋತಾಡುವವರೆಗೆ ಎತ್ತುತ್ತಿದ್ದ. ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ, ಹೋಸು ಎಲ್ಲಿ ಎಳೆಯುತ್ತದೆ, ಎಲ್ಲಿ ಟೈರಿಗೆ ಉಜ್ಜುತ್ತದೆ ನೋಡುತ್ತಿದ್ದ. ಗಿಡ್ಡವಿದ್ದರೆ ಉದ್ದದ್ದು ಹಾಕದೆ ಗಾಡಿ ಬಿಡುತ್ತಿರಲಿಲ್ಲ. ತಂತಿ ಕಟ್ಟಿದ್ದು ಕಂಡರೆ ಕತ್ತರಿಸಿಹಾಕುತ್ತಿದ್ದ.

"ಆಯಿಲ್ ಬದಲಾಯಿಸೋಕೆ ಬಂದವನನ್ನ ಕಟ್ಟಿಹಾಕ್ತೀಯಲ್ಲ, ತಲೆ ಕೆಟ್ಟಿದೆಯಾ?" ಎಂದು ಜಗಳವಾಡಿ ಗಾಡಿ ಬೇರೆಡೆ ಒಯ್ದವರೂ ಉಂಟು. ನಿಧಾನಣ್ಣ ಎದುರಾಡುತ್ತಿರಲಿಲ್ಲ, ಆ ಗಾಡಿ ತಿರುವಿನಾಚೆ ಮರೆಯಾಗುವವರೆಗೂ ನಿಂತು ನೋಡುತ್ತಿದ್ದ.

ಒಬ್ಬನೇ ಇದ್ದಾಗ ಗಾಡಿಯಡಿ ಮಲಗಿ ನೋಡುವುದೂ ಸ್ಟೇರಿಂಗ್ ತಿರುಗಿಸುವುದೂ ಒಟ್ಟಿಗೆ ಆಗುವ ಮಾತಲ್ಲ. ಒಂದು ಮಧ್ಯಾಹ್ನ ಅವನು ಕೋಲೂರಿ ಏಳುತ್ತ, ಮತ್ತೆ ಮಲಗುತ್ತ ಒದ್ದಾಡುತ್ತಿದ್ದುದನ್ನು ಹೆಂಡತಿ ಕಿಟಕಿಯಿಂದ ನೋಡಿದಳು. ಕೈ ಒರೆಸಿಕೊಂಡು ಬಂದು ಸೀಟಿಗೆ ಹತ್ತಿದಳು.

"ಯಾವ ಕಡೆ?"

"ಎಡಕ್ಕೆ. ಪೂರ್ತಿ."

ತಿರುಗಿಸಿದಳು.

"ಎಟುಕುತ್ತಾ?"

"ಎಟುಕುತ್ತೆ."

"ಸರಿಯಾಗಿ ನೋಡಿ ಹೇಳಿ."

ಅವನು ಇನ್ನೊಮ್ಮೆ ನೋಡಿದ. ಆಮೇಲೆ ಅವಳು ಬಲಕ್ಕೆ ತಿರುಗಿಸಿದಳು.