ತಮ್ಮನ ಪಾಲಿನ ಗಾಳಿ

ಕೊರಿಯಾದ ಗೊಸೊಂಗ್ ಬಂದರಿನ ಓಕ್ ಮಾನ್‌ಸಿಕ್‌ಗೆ ಹೊಸ ಕಂಪ್ರೆಸರ್ ಎಂದರೆ ನಂಬಿಕೆಯಿಲ್ಲ. ಕಡಲಾಳಕ್ಕೆ ಇಳಿಯುತ್ತಿದ್ದ ತಮ್ಮನಿಗೆ ದೋಣಿಯಿಂದ ಗಾಳಿ ಕೊಡುತ್ತಿದ್ದ ಹಳೆಯದನ್ನೇ ಅಂಗಳದಲ್ಲಿ ಬಿಚ್ಚಿ, ವೈರು ಬದಲಿಸಿ, ಮೋಟಾರಿಗೆ ಕಿವಿಯಿಟ್ಟು ಕೂರುತ್ತಾನೆ. ಊಟಕ್ಕೆ ಕರೆದರೆ, “ಇನ್ನೊಂದೇ ವೈರು ಕಣೇ” ಎನ್ನುತ್ತಾನೆ. “ನನ್ನನ್ನೂ ಒಂದಿನ ಹೀಗೆ ಬಿಚ್ಚಿ ನೋಡ್ರೀ, ಕೆಮ್ಮಾದ್ರೂ ಹೋಗ್ಲಿ” ಎಂದು ಹೆಂಡತಿ ಸುನ್‌ಬೊಕ್ ಗೊಣಗುತ್ತಾಳೆ. ಹಿಂದೊಮ್ಮೆ ಕಡಲಲ್ಲಿ ವೈರು ಸುಟ್ಟು ಆ ಕಂಪ್ರೆಸರ್ ನಿಂತ ದಿನ ತಮ್ಮ ನೀರಿನಿಂದ ಮೇಲೆ ಬರಲಿಲ್ಲ. ಅವನ ತಿಥಿಯ ಸಂಜೆ ಮಾನ್‌ಸಿಕ್ ಸತ್ತವನು ಉಣ್ಣಲೆಂದು ಎಡೆಯ ಅನ್ನಕ್ಕೆ ಚಮಚ ನೆಟ್ಟಗೆ ಚುಚ್ಚಿ, ಪಕ್ಕದಲ್ಲಿ ತಮ್ಮ ಬಾಯಿಗೆ ಕಚ್ಚಿಕೊಳ್ಳುತ್ತಿದ್ದ ಗಾಳಿ ಕೊಳವೆಯ ತುದಿ ಇಟ್ಟು, ಕಂಪ್ರೆಸರ್ ಹಚ್ಚುತ್ತಾನೆ. ಬಾಯಿಂದ ಎಳೆಯದೆ ಗಾಳಿ ಬಿಡದ ಕೊಳವೆ ಅದು. “ಸಾಕು, ಆರಿಸ್ರೀ” ಎನ್ನುತ್ತಾಳೆ ಸುನ್‌ಬೊಕ್. ಅವನು ಕಂಪ್ರೆಸರ್ ಮೇಲಿನ ಗಾಳಿಯ ಒತ್ತಡ ಅಳೆಯುವ ಮುಳ್ಳನ್ನು ತೋರಿಸುತ್ತಾನೆ. ಅದು ಮಲಗಿದವನ ಎದೆಯಂತೆ ಇಳಿದು ಏರುತ್ತಿರುತ್ತದೆ. “ಇನ್ನೂ ಎಳೀತಿದಾನೆ ಕಣೇ. ಹ್ಯಾಗೆ ಆರಿಸ್ಲಿ?”