ಶಿವಲಿಂಗೇಗೌಡರ ಸೊಪ್ಪಿನ ಪಥ್ಯ

ಕೋವಿಡ್ ತಣ್ಣಗಾದ ಮರುವರ್ಷ ನಾನು ಚೆನ್ನೈನ ನುಂಗಂಬಾಕ್ಕಂನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಡಯಟಿಷಿಯನ್ ಆಗಿದ್ದೆ. ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳಿ ರೋಗಿಗಳಿಂದ ಬೈಸಿಕೊಳ್ಳುವ ಕೆಲಸ.

ಚೆನ್ನೈಯಲ್ಲಿ ನೆಲೆಸಿದ್ದ ಮಂಡ್ಯ ಕಡೆಯ ಎಂಜಿನಿಯರ್ ಶಿವಲಿಂಗೇಗೌಡರು ಆಗ ನನ್ನ ಬಳಿ ಬರುತ್ತಿದ್ದರು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಸೇರಿ ಅವರ ಕಿಡ್ನಿಯನ್ನು ಅರ್ಧ ತಿಂದಿದ್ದವು. ಬಾಡು, ಅಂದರೆ ಮಾಂಸ, ಇಲ್ಲದೆ ತುತ್ತು ಇಳಿಯದ ಮನುಷ್ಯನನ್ನು ಹಟ ಹಿಡಿದು ಸೊಪ್ಪು, ತರಕಾರಿ, ರಾಗಿ, ಮಿತವಾಗಿ ಕಾಳಿನ ಊಟಕ್ಕೆ ಒಗ್ಗಿಸಿದೆ. ಆರು ತಿಂಗಳಲ್ಲಿ ಬಿಪಿ ಇಳಿಯಿತು, ಸಕ್ಕರೆ ಹತೋಟಿಗೆ ಬಂತು, ತೂಕ ಕರಗಿತು. ನಾನಂತೂ ಬೀಗಿದೆ.

ಒಂದು ಸೋಮವಾರ ಬೆಳಿಗ್ಗೆ ಅವರನ್ನು ವ್ಹೀಲ್‌ಚೇರಿನಲ್ಲಿ ತಂದರು. ಕಾಲಲ್ಲಿ ಬಲವಿಲ್ಲ, ನಾಡಿ ನಿಧಾನ. ರಕ್ತದ ಪೊಟ್ಯಾಸಿಯಂ 6.9. ಐದರೊಳಗೆ ಇರಬೇಕಾದ ಈ ಲವಣ ಇಷ್ಟು ಏರಿದರೆ ಹೃದಯ ಹೇಳದೆ ಕೇಳದೆ ನಿಂತುಬಿಡಬಹುದು. ಸೊಪ್ಪು ತರಕಾರಿಯಲ್ಲಿ ಅದು ಧಾರಾಳ. ಗಟ್ಟಿ ಕಿಡ್ನಿ ಹೆಚ್ಚಾದದ್ದನ್ನು ಹೊರಹಾಕುತ್ತದೆ, ಸೋತ ಕಿಡ್ನಿಗೆ ಆಗುವುದಿಲ್ಲ. ಅದಕ್ಕೇ ಬೇಯಿಸಿ ನೀರು ಬಸಿಯಬೇಕೆಂದು ಗೌಡರ ಹೆಂಡತಿ ಜಯಮ್ಮನವರಿಗೆ ಒತ್ತಿ ಒತ್ತಿ ಹೇಳಿದ್ದೆ.

ಇಂಜೆಕ್ಷನ್ ಕೊಟ್ಟು 5.4ಕ್ಕೆ ಇಳಿಸಿ ವಾರ್ಡಿಗೆ ಕಳಿಸಿದರು. ಬುಧವಾರ ಬೆಳಿಗ್ಗೆ ನೋಡಿದರೆ ಮತ್ತೆ 6.5! ಕಿಡ್ನಿ ಡಾಕ್ಟರು ನನ್ನ ಮೇಲೆ ಹರಿಹಾಯ್ದರು.

"ಕೀರೈ, ಕಾಯ್ ಎಲ್ಲಾಂ ನಿರುತ್ತುಂಗ ಮೇಡಂ! ಮದ್ಯಾನಂ ಡಯಾಲಿಸಿಸ್."

ಸೊಪ್ಪು, ತರಕಾರಿ ಎಲ್ಲ ಬಂದ್, ಮಧ್ಯಾಹ್ನವೇ ಡಯಾಲಿಸಿಸ್. ಗೌಡರು ಹಾಸಿಗೆಯಿಂದಲೇ, "ಕುರಿ ಕೋಳಿ ಬಿಟ್ಟು ದನ ಮೇಯ್ದಂಗೆ ಮೇಯ್ದೆ ಕಣಮ್ಮ, ಇದೇನಾ ನೀವು ಕೊಟ್ಟ ಬವುಮಾನ?" ಎಂದರು. ನಗಿಸಲೆಂದೇ ಹೇಳಿದ್ದು. ನನಗೆ ಅಳು ಬಂತು. ಈ ಮನುಷ್ಯ ನನ್ನ ಮಾತು ಕೇಳಿಯೇ ಸಾಯುತ್ತಾನೇನೋ ಎನಿಸಿತು.

ಡಯಾಲಿಸಿಸ್‌ಗೆ ಕರೆದೊಯ್ಯುವ ಮೊದಲು ಇನ್ನೊಮ್ಮೆ ವಾರ್ಡಿಗೆ ಹೋದೆ. ಆಸ್ಪತ್ರೆಯ ಇಡ್ಲಿ ಗಂಟಲಲ್ಲಿ ಇಳಿಯದೆಂದು ಗೌಡರು ಮನೆ ಊಟವನ್ನೇ ತರಿಸುತ್ತಿದ್ದರಂತೆ. ಆಗಷ್ಟೇ ಮನೆಯಿಂದ ಬಂದ ಜಯಮ್ಮ ಟಿಫಿನ್ ಕ್ಯಾರಿಯರ್ ಬಿಚ್ಚಿ, ಮುದ್ದೆಗೆ ಘಮಘಮ ಸಾರು ಸುರಿಯುತ್ತಿದ್ದರು.

"ಜಯಮ್ಮಾರ, ಏನ್ರೀ ಇದು?"

"ಬಸ್ಸಾರು ಕಣ್ರಮ್ಮ. ನೀವೇ ನೀರು ಬಸೀರಿ ಅಂದ್ರಲ್ಲ. ಸೊಪ್ಪು ಇವ್ರಿಗೆ ಒಂಚೂರೇ. ಸತ್ವ ಇರೋ ನೀರು ಪೂರ್ತಿ ಇವ್ರಿಗೇಯ."

"ಕೆಳಗಿಡ್ರಿ ಆ ತಾಟು!" ಎಂದು ಕಿರುಚಿ ನಾನೇ ಕಿತ್ತುಕೊಂಡೆ.

ನಾನು ಧಾರವಾಡದ ಮನೆತನದವಳು, ಚೆನ್ನೈಯಲ್ಲೇ ಬೆಳೆದವಳು. ನನ್ನ ಲೆಕ್ಕದಲ್ಲಿ ಬಸಿದ ನೀರು ಮೋರಿಗೆ. ಮಂಡ್ಯದ ಅಡುಗೆಮನೆಯಲ್ಲಿ ಬಸಿಯುವುದೇ ಸಾರಿಗಾಗಿ! ಸೊಪ್ಪು ಬಿಟ್ಟ ಪೊಟ್ಯಾಸಿಯಂ ಬಹುಪಾಲು ಆ ಸಾರಿನಲ್ಲೇ ಇತ್ತು.

ಡಾಕ್ಟರ ಹತ್ತಿರ ಓಡಿದೆ. ಅವರು ಇಸಿಜಿ ಇನ್ನೊಮ್ಮೆ ನೋಡಿ, ಔಷಧಿ ಹೆಚ್ಚಿಸಿ, ಸಂಜೆಯ ವರದಿವರೆಗೆ ಕಾಯಲು ಒಪ್ಪಿದರು. ಕಾರಿಡಾರಿನಲ್ಲಿ ಜಯಮ್ಮ, "ನಾನೇ ವಿಸ ಹಾಕ್ಬುಟ್ನಾ?" ಎಂದು ಗೋಳಾಡುತ್ತಿದ್ದರು. ಆರೋಗ್ಯವಂತರಿಗೆ ಅದು ಅಮೃತವೇ ತಾಯಿ ಎಂದು ಕೈ ಹಿಡಿದು ಕೂತೆ. ಸಂಜೆ 5.6 ಬಂತು. ಡಯಾಲಿಸಿಸ್ ತಪ್ಪಿತು.

ಬಾಡು ಮತ್ತೆ ಶುರುವಾಗಲಿಲ್ಲ. ಸೊಪ್ಪೂ ನಿಲ್ಲಲಿಲ್ಲ. ಯಾವುದು, ಎಷ್ಟು ಎಂದು ಅಳೆದು ಕೊಟ್ಟೆ, ಬಿಪಿ, ಸಕ್ಕರೆ ಹತೋಟಿಯಲ್ಲೇ ಉಳಿದವು. ಸಸ್ಯಾಹಾರ ಒಳ್ಳೆಯದು ನಿಜ. ಆದರೆ ಯಾರ ಮೈಗೆ, ಯಾವ ಮನೆಯ ಒಲೆಯ ಮೇಲೆ ಎಂದು ಕೇಳದೆ ಪಥ್ಯ ಹೇಳಬಾರದೆಂದು ಆ ವಾರ ಕಲಿತೆ.

ಕೆಲವು ತಿಂಗಳ ಮೇಲೆ ಜಯಮ್ಮ ಸಿಕ್ಕಾಗ, ನೀರು ಚೆಲ್ಲುತ್ತೀರಾ ಎಂದೆ.

"ಸಿಂಕಿಗೆ ಸುರಿವಾಗೆಲ್ಲ ಹೊಟ್ಟೆ ಉರೀತದೆ ಕಣ್ರಮ್ಮ," ಎಂದರು. "ಆದ್ರೆ ರಾತ್ರಿ ಪಕ್ಕದಲ್ಲಿ ಯಜಮಾನ್ರು ಗೊರಕೆ ಹೊಡೀತಾರಲ್ಲ, ಅಷ್ಟು ಸಾಕು."