ಎಡಗೈ ಆಟಗಾರ ಮತ್ತು ನನ್ನ ರೊಟ್ಟಿ

ಮದುವೆಯಾಗಿ ಸೇಡಂನಿಂದ ಚಿತ್ತಾಪುರಕ್ಕೆ ಹೊರಟ ದಿನ ಅವ್ವ ನನ್ನನ್ನು ಒಳಕೋಣೆಗೆ ಕರೆದು ಹೇಳಿದ ಬುದ್ಧಿಮಾತು ಒಂದೇ. ಗಂಡನ ಜೊತೆ ಹೇಗಿರಬೇಕು, ಅತ್ತೆಯ ಜೊತೆ ಹೇಗಿರಬೇಕು, ಅದೇನೂ ಅಲ್ಲ. ಆ ಮನೆಯಲ್ಲಿ ಎಡಗೈಯಿಂದ ಏನೂ ಮಾಡಬೇಡ ಅಂತ.

ನಾನು ಹುಟ್ಟಾ ಎಡಚಿ. ಬರೆಯುವುದನ್ನು ಶಾಲೆಯಲ್ಲಿ ಬಲಕ್ಕೆ ತಿರುಗಿಸಿದರು, ಉಣ್ಣುವುದನ್ನು ಅವ್ವ ಏಟು ಕೊಟ್ಟು ತಿರುಗಿಸಿದಳು. ತಿರುಗದೆ ಉಳಿದದ್ದು ರೊಟ್ಟಿ ಬಡಿಯುವ ಕೈ. ಬಲಗೈಯಿಂದ ಬಡಿದರೆ ನನ್ನ ಜೋಳದ ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ, ಹಂಚಿಗೆ ಹಾಕುವಾಗ ಎರಡಾಗುತ್ತದೆ. ಹಾಗಾಗಿ ತವರಿನಲ್ಲಿ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಎಡಗೈಯಿಂದ ಬಡಿಯುತ್ತಿದ್ದೆ. ಯಾರಾದರೂ ಬಂದರೆ ಅವ್ವ ಹೊರಗಿನಿಂದ ಕೆಮ್ಮುತ್ತಿದ್ದಳು, ನಾನು ಕೈ ಬದಲಿಸುತ್ತಿದ್ದೆ.

ಚಿತ್ತಾಪುರದ ಅಡುಗೆಮನೆಗೆ ಬಾಗಿಲೇ ಇರಲಿಲ್ಲ. ಪಡಸಾಲೆಗೂ ಅದಕ್ಕೂ ನಡುವೆ ಒಂದು ಕಮಾನು, ಅಷ್ಟೆ. ಪಡಸಾಲೆಯಲ್ಲಿ ಟಿವಿ, ಟಿವಿಯ ಎದುರು ಅತ್ತೆ. ಅವರು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅವರಪ್ಪ ಡ್ಯೂಟಿ ಮುಗಿಸಿ ಬಂದು ರೇಡಿಯೋದಲ್ಲಿ ಕಾಮೆಂಟರಿ ಹಾಕಿದರೆ ಪಕ್ಕದಲ್ಲಿ ಕೂತು ಕೇಳುತ್ತಿದ್ದುದು ಈ ಮಗಳು. ಕ್ರಿಕೆಟ್ಟನ್ನು ಅವರು ಮೊದಲು ಕಲಿತದ್ದೇ ಕಿವಿಯಿಂದ. ಧಾರಾವಾಹಿ ನೋಡುವ ಅತ್ತೆಗೆ ನಾನು ತಯಾರಾಗಿ ಬಂದಿದ್ದೆ. ಟೆಸ್ಟ್ ಮ್ಯಾಚ್ ನೋಡುವ ಅತ್ತೆ ಸಿಗುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಆ ಚಳಿಗಾಲ ನಮ್ಮವರು ಆಸ್ಟ್ರೇಲಿಯಾದಲ್ಲಿ ಆಡುತ್ತಿದ್ದರು. ಅಲ್ಲಿನ ಆಟ ಶುರುವಾಗುವುದು ನಮ್ಮ ನಸುಕಿಗೆ. ಅಷ್ಟರಲ್ಲಿ ಅತ್ತೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಟಿವಿಯ ಸದ್ದು ಪೂರ್ತಿ ಇಳಿಸಿ, ಅದರ ಎದುರಿಗೇ ಚಾಪೆ ಹಾಸಿ ಲಿಂಗಪೂಜೆಗೆ ಕೂರುತ್ತಿದ್ದರು. ಕಣ್ಣು ಪೂರಾ ಲಿಂಗದ ಮೇಲೆಯೇ ಇರುತ್ತಿತ್ತು ಅಂತ ನಾನು ಹೇಳಲಾರೆ. ಗಂಡ ಕೋರ್ಟಿನಲ್ಲಿ ಗುಮಾಸ್ತ, ಎಂಟಕ್ಕಿಂತ ಮೊದಲು ಏಳುವ ಪೈಕಿಯಲ್ಲ. ಆ ಹೊತ್ತಿನಲ್ಲಿ ಎಚ್ಚರ ಇರುತ್ತಿದ್ದವರು ನಾವಿಬ್ಬರು ಮತ್ತು ಆಸ್ಟ್ರೇಲಿಯಾದವರು.

ಅತ್ತೆಗೆ ಎಡಗೈ ಆಟಗಾರರೆಂದರೆ ಪ್ರಾಣ. ವೆಸ್ಟ್ ಇಂಡೀಸಿನವನಾಗಲಿ, ಶ್ರೀಲಂಕಾದವನಾಗಲಿ, ವೇಗದ ಬೌಲರ್ ಎದುರು ಎದೆ ಕೊಟ್ಟು ನಿಂತ ಎಡಗೈಯವರ ಆಟವೆಲ್ಲ ಅವರಿಗೆ ಬಾಯಿಪಾಠ. ಸಿಕ್ಸರ್ ಹೊಡೆದರೆ ಅಷ್ಟೇನೂ ಖುಷಿಪಡುತ್ತಿರಲಿಲ್ಲ. ಬಲಗೈ ಬೌಲರ್ ಎಸೆದ ಚೆಂಡು ಎಡಗೈಯವನ ಮುಂದಿನಿಂದ ಓರೆಯಾಗಿ, ಕ್ಯಾಚಿಗೆ ಕಾದು ನಿಂತ ಸ್ಲಿಪ್ಪಿನವರ ಕಡೆ ಹೋಗುತ್ತದಲ್ಲ, ಅದನ್ನು ಮುಟ್ಟದೆ ಬಿಟ್ಟರೆ ಖುಷಿ. ಎಂತೆಂಥ ಘಟಾನುಘಟಿಗಳು ಅದಕ್ಕೆ ಬ್ಯಾಟು ಚಾಚಿ ಕೆಟ್ಟರೆಂದು ನನಗೆ ತಿಳಿಸಿಕೊಟ್ಟವರು ಅವರೇ. “ತನ್ನದಲ್ಲದ್ದಕ್ಕ ಕೈ ಹಾಕಂಗಿಲ್ಲ ನೋಡು ಇವ,” ಅನ್ನುತ್ತಿದ್ದರು.

ಇದೆಲ್ಲ ಕೇಳಿಯೂ ನನಗೆ ಧೈರ್ಯ ಬರಲಿಲ್ಲ. ಟಿವಿಯೊಳಗಿನ ಎಡಗೈಯೇ ಬೇರೆ, ಸೊಸೆಯ ಎಡಗೈಯೇ ಬೇರೆ ಅಂದುಕೊಂಡಿದ್ದೆ. ಒಂದೂವರೆ ತಿಂಗಳು ಬಲಗೈಯಿಂದಲೇ ಬಡಿದೆ. ಹರಿದ ರೊಟ್ಟಿಯನ್ನು ಅತ್ತೆ ಚಕಾರವೆತ್ತದೆ ಉಂಡರು. ಬೈದಿದ್ದರೆ ವಾಸಿಯಿತ್ತು. ಸೇಡಂನವರು ಮಗಳಿಗೆ ರೊಟ್ಟಿ ಬಡಿಯುವುದನ್ನೂ ಕಲಿಸಿಲ್ಲ ಅಂತ ಅವರು ಮನಸ್ಸಿನಲ್ಲೇ ಅಂದುಕೊಳ್ಳುತ್ತಿರಬೇಕೆಂದು ನಾನು ದಿನವೂ ಕೊರಗುತ್ತಿದ್ದೆ. ನಿಜ ಹೇಳಿದರೂ ಅವ್ವನ ಮಾನ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ.

ಆವತ್ತು ಒಂದು ಟೆಸ್ಟಿನ ಕೊನೆಯ ದಿನ. ನಮ್ಮವರಿಗೆ ಗೆಲ್ಲುವ ಮಾತೇ ಇರಲಿಲ್ಲ, ದಿನ ತಳ್ಳಿ ಡ್ರಾ ಮಾಡಿಕೊಂಡರೆ ಸಾಕಿತ್ತು. ಅದೆಲ್ಲ ನಿಂತಿದ್ದು ಒಬ್ಬ ಎಡಗೈ ಆಟಗಾರನ ಮೇಲೆ. ಅವರ ವೇಗದ ಬೌಲರ್ ರೌಂಡ್ ದಿ ವಿಕೆಟ್ ಬಂದು ಮೈಗೇ ಗುರಿಯಿಟ್ಟು ಎಸೆಯುತ್ತಿದ್ದ. ಒಂದು ಚೆಂಡು ಪಕ್ಕೆಗೆ ಬಡಿಯಿತು, ಇನ್ನೊಂದು ಹೆಲ್ಮೆಟ್ಟಿಗೆ. ಆಟಗಾರ ಕೆಳಗೆ ಕೂತ, ನೀರು ಕುಡಿದ, ಎದ್ದು ಮತ್ತೆ ಅದೇ ಜಾಗದಲ್ಲಿ ನಿಂತ. ನಾನು ಕಮಾನಿನೊಳಗಿಂದ ನೋಡುತ್ತ, ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಿದ್ದೆ. ಮತ್ತೆ ಶಾರ್ಟ್ ಪಿಚ್ ಚೆಂಡು ಬಂತು. ಈ ಸಲ ಅವನು ಹಿಂಗಾಲಿನ ಮೇಲೆ ತಿರುಗಿ ಪುಲ್ ಮಾಡಿದ, ಚೆಂಡು ನೆಲ ಬಿಡದೆ ಓಡಿ ಬೌಂಡರಿ ದಾಟಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಕೈ ಯಾವಾಗ ಬದಲಾಯಿತೋ ಗೊತ್ತೇ ಆಗಲಿಲ್ಲ. ನೋಡಿದರೆ ಕಟ್ಟೆಯ ಮೇಲೆ ರೊಟ್ಟಿ ತೆಳ್ಳಗೆ, ದುಂಡಗೆ, ಹಂಚನ್ನೂ ಮೀರಿ ಹರಡಿತ್ತು.

“ಯಾರವ್ವಾ ಇವತ್ತು ರೊಟ್ಟಿ ಬಡ್ಯಾಕತ್ತಾರ?” ಅಂತ ಅತ್ತೆ ಚಾಪೆಯ ಮೇಲಿಂದ ಕೇಳಿದರು. ಟಿವಿಗೆ ಸದ್ದಿರಲಿಲ್ಲವಲ್ಲ, ಒಂದೂವರೆ ತಿಂಗಳು ತಡವರಿಸುತ್ತಿದ್ದ ಬಡಿತ ಇದ್ದಕ್ಕಿದ್ದಂತೆ ಓಟ ಹಿಡಿದದ್ದು ರೇಡಿಯೋದಲ್ಲಿ ಪಳಗಿದ ಆ ಕಿವಿಗೆ ಬಿದ್ದಿತ್ತು.

ಹಿಟ್ಟಿನ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಕಮಾನಿನಲ್ಲಿ ನಿಂತೆ. ತಪ್ಪಾಯಿತೆಂದೆ. ಹುಟ್ಟಿದಾಗಿನಿಂದ ಎಡಗೈಯೇ, ಅವ್ವ ಎಷ್ಟು ತಿದ್ದಿದರೂ ಹೋಗಲಿಲ್ಲ, ಅವಳದೇನೂ ತಪ್ಪಿಲ್ಲವೆಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತ್ತು.

ಅತ್ತೆ ಪೂಜೆಯಿಂದ ಎದ್ದಿರಲಿಲ್ಲ. ಕೂತಲ್ಲಿಂದಲೇ ಕೈಯನ್ನು ತುಸು ಮುಂದೆ ಹಿಡಿದು ತೋರಿಸಿದರು. ಅದು ಎಡ ಅಂಗೈ. ಅದರ ನಡುವೆ ಇಷ್ಟಲಿಂಗ, ಮೇಲೊಂದು ಹೂವು.

“ಲಿಂಗ ಕುಂದ್ರೋದು ಯಾವ ಕೈಯಾಗ ನೋಡು,” ಅಂದರು. “ಈ ಕೈಗ್ಯಾಕ ನಾಚ್ತಿ? ಹೋಗು, ಹಿಟ್ಟು ಒಣಗಾಕತ್ತದ. ಅವ ಇನ್ನಾ ಔಟಾಗಿಲ್ಲ.”

ಅವನು ಕೊನೆಯವರೆಗೂ ಔಟಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಂದ್ಯ ಡ್ರಾ ಆಯಿತು. ಎಂಟಕ್ಕೆ ಎದ್ದ ಗಂಡ ಒಂದು ರೊಟ್ಟಿ ತಿಂದು, ಖಾನಾವಳಿಯಿಂದ ತರಿಸಿದಿರೇನು ಅಂತ ಕೇಳಿದ್ದ. ಬಡಿಸುವುದು ಮಾತ್ರ ಬಲಗೈಯಿಂದಲೇ ಇರಲಿ ಎಂದು ಅತ್ತೆ ಆಮೇಲೆ ಹೇಳಿದರು. ಆ ವಿಷಯದಲ್ಲಿ ಅವರೂ ಹಳೆಯ ಕಾಲದವರೇ, ನಾನೂ ವಾದಿಸಲು ಹೋಗಲಿಲ್ಲ.

ಯುಗಾದಿಯ ಮುಂದೆ ಅವ್ವ ಬಂದು ಒಂದು ರಾತ್ರಿ ಉಳಿದಳು. ಬೆಳಿಗ್ಗೆ ಬೀಗತಿಯರಿಬ್ಬರೂ ಪಡಸಾಲೆಯಲ್ಲಿ ಅಕ್ಕಪಕ್ಕ ಪೂಜೆಗೆ ಕೂತರು. ನಾನು ಎಂದಿನಂತೆ ಎಡಗೈಯಿಂದ ಬಡಿಯತೊಡಗಿದೆ. ಪಡಸಾಲೆಯಿಂದ ಕೆಮ್ಮು ಕೇಳಿಸಿತು. ನಾನು ಬಡಿಯುತ್ತಲೇ ಇದ್ದೆ. ಇನ್ನೊಮ್ಮೆ ಕೆಮ್ಮು, ಈ ಸಲ ಜೋರಾಗಿ. ಅತ್ತೆ ನೀರು ಬೇಕೇನೆಂದು ಕೇಳಿದರು. ಆಮೇಲೆ ಅವರಿಗೆ ಅರ್ಥವಾಯಿತು ಅಂತ ಕಾಣುತ್ತದೆ, ನಕ್ಕು, ನನಗೆ ತೋರಿಸಿದಂತೆಯೇ ಲಿಂಗ ಕೂತ ಅಂಗೈಯನ್ನು ಅವ್ವನಿಗೂ ತೋರಿಸಿದರು.

ನಾನು ಕಮಾನಿಗೆ ಬಂದು ನೋಡಿದೆ. ಅವ್ವ ತನ್ನ ಎಡ ಅಂಗೈಯನ್ನೇ ನೋಡುತ್ತ ಕೂತಿದ್ದಳು. ಲಿಂಗ ಅಲ್ಲೇ ಇತ್ತು, ನನಗೆ ನೆನಪಿರುವಾಗಿನಿಂದ ದಿನವೂ ಇದ್ದ ಹಾಗೆ.

“ದಿನಾ ಈ ಕೈಯಾಗೇ ಹಿಡದೆ,” ಅಂದಳು. “ನಿನಗ ಹೊಡದದ್ದೂ ಇದೇ ಎಡಗೈಗೇ ನೋಡು.”

ನಾನು ಒಳಗೆ ಹೋಗಿ ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದೆ. ಅವ್ವ ಮತ್ತೆ ಕೆಮ್ಮಲಿಲ್ಲ.